ಬಾನೆಟ್ಟಣ್ಣನವರು

ರಸ್ತೆ ಬದಿಯಲ್ಲಿ ಗಾಡಿಯೊಂದು ಕೆಟ್ಟು ನಿಂತು ಬಾನೆಟ್ ಮೇಲೆದ್ದರೆ ಸಾಕು, ಡ್ರೈವರ್ ಮುಖದ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಒಬ್ಬರು ಪಕ್ಕದಲ್ಲಿ ಬಂದು ನಿಂತಿರುತ್ತಾರೆ. ಯಾವ ದಿಕ್ಕಿನಿಂದ ಬಂದರು, ಯಾವ ಕೆಲಸ ಅರ್ಧಕ್ಕೆ ಬಿಟ್ಟು ಬಂದರು ಎಂಬುದನ್ನು ಕಂಡವರಿಲ್ಲ. ಸುತ್ತ ಮುತ್ತ ಒಂದು ಮನೆಯೂ ಕಾಣದ ತೋಟದ ನಡುವೆ ಗಾಡಿ ನಿಂತರೂ ಬರುತ್ತಾರೆ. ಊರೂರಿಗೆ ಅವರ ಹೆಸರು ಬೇರೆ. ನಮ್ಮ ಕಡೆ, ಅಂದರೆ ಅರಸೀಕೆರೆಯಿಂದ ತಿಪಟೂರಿಗೆ ಹೋಗುವ ಬಿ.ಎಚ್. ರಸ್ತೆಯ ಕಡೆ, ಅವರನ್ನು ಬಾನೆಟ್ಟಣ್ಣನವರು ಎನ್ನುತ್ತೇವೆ. ಎದುರಿಗಲ್ಲ.

ಗುರುತು ಹಿಡಿಯುವುದು ಸುಲಭ. ಎರಡೂ ಕೈ ಬೆನ್ನ ಹಿಂದೆ. ಹೆಗಲ ಮೇಲೆ ಟವೆಲ್. ಜೇಬಿನಲ್ಲಿ ಪೆನ್ನು; ಅದರಲ್ಲಿ ಅವರು ಬರೆದದ್ದನ್ನು ಯಾರೂ ನೋಡಿಲ್ಲ. ತಲೆ ತುಸು ಎಡಕ್ಕೆ ವಾಲಿ, ಬಲಗಿವಿ ಇಂಜಿನ್ನಿನ ಕಡೆಗೆ. ಕಣ್ಣು ಅರೆಮುಚ್ಚಿ. ಬಾಯಿ ತೆರೆಯುವ ಮುನ್ನ ಒಂದು ಸಲ ‘ಚ್’ ಎನ್ನುತ್ತಾರೆ. ಆ ಒಂದು ‘ಚ್’ನಲ್ಲಿ ಏನಿಲ್ಲವೆಂದರೂ ಇಪ್ಪತ್ತು ಸಾವಿರ ರೂಪಾಯಿ ಖರ್ಚಿದೆ ಎಂದು ಗಾಡಿಯ ಓನರಿಗೆ ಆ ಕ್ಷಣವೇ ಗೊತ್ತಾಗಿಬಿಡುತ್ತದೆ.

ಅವರಿಗೆ ಸ್ವಂತ ಗಾಡಿಯಿಲ್ಲ. ಒಂದು ಸೈಕಲ್ ಇದೆ. ಅದರ ಹಿಂದಿನ ಚಕ್ರ ಪಂಕ್ಚರಾಗಿ ಜಗುಲಿಗೆ ಒರಗಿ ನಿಂತು ಬಹಳ ಕಾಲವಾಯಿತು. ಸೈಕಲ್ಲಿಗೆ ಬಾನೆಟ್ ಇಲ್ಲದ ಕಾರಣ ಅವರ ಗಮನ ಅತ್ತ ಹೋಗಿಲ್ಲ. ಮನೆಯ ಮಿಕ್ಸಿಯೂ ಹಾಗೇ ಇದೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಅವರ ಮನೆಯವರು ದಿನಾ ರುಬ್ಬುಗುಂಡಿನ ಮುಂದೆ ಕೂತು ಹೇಳುತ್ತಾರೆ.

ಗಾಡಿಗೆ ಬರುವ ರೋಗಗಳಲ್ಲೆಲ್ಲ ಬಾನೆಟ್ಟಣ್ಣನವರಿಗೆ ಅಚ್ಚುಮೆಚ್ಚು ಮಿಸ್ಸಿಂಗ್. ಪಂಕ್ಚರಾದರೆ ಅಭಿಪ್ರಾಯಕ್ಕೆ ಜಾಗವೇ ಇಲ್ಲ, ಮೊಳೆ ಕಣ್ಣಿಗೇ ಕಾಣುತ್ತದೆ. ಬ್ಯಾಟರಿ ಇಳಿದಿದ್ದರೆ ನಾಲ್ಕು ಜನ ತಳ್ಳಬೇಕು. ತಳ್ಳುವ ಕಡೆ ಅವರು ನಿಲ್ಲುವವರಲ್ಲ. ಮಿಸ್ಸಿಂಗ್ ಹಾಗಲ್ಲ. ಇಂಜಿನ್ ಓಡುತ್ತಲೇ ಇರುತ್ತದೆ, ಆದರೆ ನೆಟ್ಟಗೆ ಓಡುವುದಿಲ್ಲ. ರೋಗ ಎಲ್ಲರ ಕಿವಿಗೂ ಕೇಳುತ್ತದೆ, ಕಾರಣ ಯಾರ ಕಣ್ಣಿಗೂ ಕಾಣುವುದಿಲ್ಲ. ಮಾತಿಗೆ ಇದಕ್ಕಿಂತ ಒಳ್ಳೆಯ ಫಸಲು ಬೆಳೆಯುವ ಭೂಮಿ ಇನ್ನೆಲ್ಲಿದೆ?

ಅದರಲ್ಲೂ ಗಾಡಿ ಹಳೆಯ ಡೀಸೆಲ್ ಪಿಕಪ್ ಆಗಿರಬೇಕು. ನಾಲ್ಕು ಸಿಲಿಂಡರಿನ ಇಂಜಿನ್ ನಿಂತಲ್ಲೇ ಓಡುವಾಗ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತದೆ ಎಂದಿಟ್ಟುಕೊಳ್ಳಿ. ಎರಡು ಸುತ್ತಿಗೊಮ್ಮೆ ಒಂದೊಂದು ಸಿಲಿಂಡರಿನ ಸರದಿ. ಅಲ್ಲಿಗೆ ಒಂದೊಂದೂ ನಿಮಿಷಕ್ಕೆ 400 ಸಲ ಉರಿಯಬೇಕು, ಒಟ್ಟು 1600. ಸರದಿಯೂ ಒಂದು, ಎರಡು, ಮೂರು, ನಾಲ್ಕು ಅಂತಲ್ಲ; ಒಂದು, ಮೂರು, ನಾಲ್ಕು, ಎರಡು. ಇದರಲ್ಲಿ ಒಂದು ಕೈಕೊಟ್ಟರೆ ಮಿಕ್ಕ ಮೂರು 1200ರಲ್ಲೇ ಸಂಸಾರ ತೂಗಿಸಬೇಕು. ನಾಲ್ವರು ಹೊತ್ತ ಪಲ್ಲಕ್ಕಿಯಲ್ಲಿ ಒಬ್ಬ ಹೆಗಲು ತಪ್ಪಿಸಿದಂತೆ ಇಡೀ ಗಾಡಿ ಕುಂಟತೊಡಗುತ್ತದೆ. ಗೇರ್ ಲಿವರ್ ಥರಗುಟ್ಟುತ್ತದೆ, ಡ್ಯಾಶ್‌ಬೋರ್ಡಿನ ಮೇಲಿನ ಗಣಪ ಬೇಡ ಬೇಡ ಎಂದು ತಲೆಯಾಡಿಸುತ್ತಾನೆ, ಏರು ಬಂದರೆ ಡ್ರೈವರ್ ಮನೆದೇವರನ್ನು ಕರೆಯುತ್ತಾನೆ. 2005ರಲ್ಲಿ ಬಂದ ಟಾಟಾ ಏಸ್‌ಗೆ ಇದ್ದದ್ದೇ ಎರಡು ಸಿಲಿಂಡರ್. ಅಂಥ ಇಂಜಿನ್ನಿನಲ್ಲಿ ಒಂದು ಮುಷ್ಕರ ಹೂಡಿದರೆ ಅರ್ಧ ಗಾಡಿಗೇ ರಜ.

ಕಳೆದ ಬೇಸಿಗೆಯಲ್ಲಿ ತಿಪಟೂರಿನ ಮಾರುಕಟ್ಟೆಗೆ ಉಂಡೆ ಕೊಬ್ಬರಿ ಹೊತ್ತು ಹೊರಟಿದ್ದ ನಾಲ್ಕು ಸಿಲಿಂಡರಿನ ಹಳೆಯ ಪಿಕಪ್ಪೊಂದು ನಮ್ಮೂರ ಗೇಟಿನ ಟೀ ಅಂಗಡಿ ಮುಂದೆ ಹೀಗೇ ಕುಂಟುತ್ತ ಬಂದು ನಿಂತಿತು. ಡ್ರೈವರ್ ಇಳಿದ. ಹಿಂದೆಯೇ ಕೊಬ್ಬರಿಯ ಯಜಮಾನರು ಇಳಿದರು. ಬಾನೆಟ್ ಎದ್ದಿತು. ಬಾನೆಟ್ಟಣ್ಣನವರು ಇದ್ದರು.

“ಏನಂತೆ?”

“ಮಿಸ್ಸಿಂಗ್ ಹೊಡೀತೈತೆ ಅಣ್ಣ.”

“ಅದು ಆ ತಿರುವಲ್ಲಿ ಬರೋವಾಗ್ಲೇ ಕೇಳ್ತು ಬಿಡು. ಡೀಸೆಲ್ ಎಲ್ಲಿ ಹಾಕ್ಸಿದ್ದು?”

ಡ್ರೈವರ್ ಒಂದು ಬಂಕ್ ಹೇಳಿದ.

“ಚ್! ಅಲ್ಲೇ ಎಡವಟ್ಟಾಗಿರೋದು.”

ಅವನು ಯಾವ ಬಂಕಿನ ಹೆಸರು ಹೇಳಿದ್ದರೂ ಎಡವಟ್ಟು ಅಲ್ಲೇ ಆಗಿರುತ್ತಿತ್ತು. ಡೀಸೆಲ್ಲಿಗೆ ನೀರು ಸೇರಿದರೆ ಮಿಸ್ಸಿಂಗ್ ಬರುವುದೂ ನಿಜವೇ. ಬಾನೆಟ್ಟಣ್ಣನವರ ಮಾತಿನಲ್ಲಿ ಯಾವುದೂ ಪೂರ್ತಿ ಸುಳ್ಳಿರುವುದಿಲ್ಲ. ಅದೇ ತೊಂದರೆ.

“ಇರ್ಲಿ, ಪ್ಲಗ್ ಬಿಚ್ಚಿ ಕ್ಲೀನ್ ಮಾಡ್ಸಿದ್ರಾ?”

ಡ್ರೈವರ್ ಅಂಥ ಸಂಕಟದಲ್ಲೂ ನಕ್ಕುಬಿಟ್ಟ. “ಅಣ್ಣ, ಇದು ಡೀಸೆಲ್ ಗಾಡಿ. ಕಿಡಿ ಹಾರ್ಸೋ ಪ್ಲಗ್ ಇದಕ್ಕೆಲ್ಲಿಂದ ಬರ್ಬೇಕು?”

ನಿಜ. ಸಿಲಿಂಡರಿನೊಳಗಿನ ಗಾಳಿಯನ್ನು ಸುಮಾರು ಹದಿನೆಂಟರಲ್ಲೊಂದು ಪಾಲು ಜಾಗಕ್ಕೆ ಅಮುಕಿದಾಗ ಏಳುವ ಕಾವೇ ಡೀಸೆಲ್ಲಿಗೆ ಬೆಂಕಿ ಹಚ್ಚುತ್ತದೆ, ಕಿಡಿ ಬೇಕಿಲ್ಲ. ರುಡಾಲ್ಫ್ ಡೀಸೆಲ್ ಎಂಬ ಪುಣ್ಯಾತ್ಮ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ 1897ರಷ್ಟು ಹಿಂದೆಯೇ ಇದನ್ನು ಓಡಿಸಿ ತೋರಿಸಿದ್ದ. ಆ ಸುದ್ದಿ ನಮ್ಮೂರ ಗೇಟಿಗೆ ಇನ್ನೂ ಬರಬೇಕಾಗಿತ್ತು. ಬೇರೆ ಯಾರೇ ಆಗಿದ್ದರೂ ಟವೆಲ್ ಕೊಡವಿಕೊಂಡು ಮನೆಗೆ ಹೋಗುತ್ತಿದ್ದರು. ಬಾನೆಟ್ಟಣ್ಣನವರು ಕೈಯನ್ನು ಬೆನ್ನ ಹಿಂದಿನಿಂದ ತೆಗೆಯಲೂ ಇಲ್ಲ.

“ಅದನ್ನೇ ನಾ ಕೇಳಿದ್ದು. ಡೀಸೆಲ್ ಗಾಡಿ, ಪ್ಲಗ್ ಇಲ್ಲ. ಅಂದ್ಮೇಲೆ ತೊಂದ್ರೆ ಪ್ಲಗ್‌ದಲ್ಲ ಅಂತಾಯ್ತಲ್ಲ? ಒಂದು ಕಳೀತು. ಮುಂದಕ್ಕೆ ಹೋಗಣ.”

ಮುಂದಕ್ಕೆ ಅಂದರೆ ಗಾಡಿಯ ಹಿಂದಕ್ಕೆ. “ರೇಸ್ ಕೊಡಪ್ಪ” ಎಂದು ಡ್ರೈವರನ್ನು ಸೀಟಿಗೆ ಹತ್ತಿಸಿ ಸೈಲೆನ್ಸರ್ ಬಳಿ ಹೋಗಿ ನಿಂತರು. ಹೊಗೆಯ ಬಣ್ಣ ನೋಡಿ ರೋಗ ಹೇಳುವ ಶಾಸ್ತ್ರ ಇದೆ. ಕಪ್ಪು ಹೊಗೆಯಾದರೆ ಡೀಸೆಲ್ ಹೆಚ್ಚು, ಗಾಳಿ ಕಮ್ಮಿ. ನೀಲಿಯಾದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಬಿಳಿಯಾಗಿ ಕಣ್ಣುರಿ ಬಂದರೆ ಡೀಸೆಲ್ ಉರಿಯದೆ ಹಾಗೇ ಹೊರಬೀಳುತ್ತಿದೆ. ಆ ಹೊತ್ತಿಗೆ ಎಂಟು–ಹತ್ತು ಜನ ಸೇರಿದ್ದರು. ಬಿಳಿ ಎಂದ ಟೀ ಅಂಗಡಿಯವನು. ಬೂದಿ ಬಣ್ಣ ಎಂದರು ರಿಟೈರಾದ ಮೇಷ್ಟ್ರು. ಕಪ್ಪೇ ಎಂದ ಕಾಯಿ ಸುಲಿಯುವವನು. ಅವನು ಕಪ್ಪು ಕನ್ನಡಕ ಹಾಕಿದ್ದ. ಎಲ್ಲರೂ ಬಾನೆಟ್ಟಣ್ಣನವರ ಮುಖ ನೋಡಿದರು.

“ಮೂರೂ ಐತೆ” ಎಂದರು ಅವರು.

ಯಾರ ಮನಸ್ಸಿಗೂ ನೋವಾಗಲಿಲ್ಲ. ‘ಅಮಾವಾಸ್ಯೆಗೆ ನಿಂಬೆಹಣ್ಣು ಕಟ್ಟಿಸಿದ್ರಾ’ ಎಂದು ಕೇಳಿದ ಅಜ್ಜಿಯನ್ನೂ ಅವರು ತಳ್ಳಿಹಾಕಲಿಲ್ಲ. “ಅದೂ ಒಂದು ಕಡೆ ಇರ್ಲಿ” ಎಂದು ಪಟ್ಟಿಗೆ ಸೇರಿಸಿಕೊಂಡರು.

ಆಮೇಲೆ ಪಂಪಿನ ವಿಷಯ ಬಂತು. “ಮೈಕೋ ಪಂಪ್ ತಾನೆ? ಇಳ್ಸಿ ಬಿಡಿ” ಎಂದರು. 1951ರಲ್ಲಿ ಶುರುವಾದ ಮೈಕೋ, ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಿಂದ ದೇಶದ ಡೀಸೆಲ್ ಇಂಜಿನ್ನುಗಳಿಗೆ ಪಂಪು–ನಾಝಲ್ ಕೊಟ್ಟ ಕಂಪನಿ. 2008ರಲ್ಲಿ ಅದರ ಹೆಸರು ಬಾಷ್ ಎಂದಾಯಿತು; ವರ್ಕ್‌ಶಾಪಿನವರ ಬಾಯಲ್ಲಿ ಮಾತ್ರ ಇವತ್ತಿಗೂ ಮೈಕೋ. ಬಾನೆಟ್ಟಣ್ಣನವರ ಭಾವಮೈದ ಆ ಕಾರ್ಖಾನೆಯ ಆಚೆ ರಸ್ತೆಯ ಹೋಟೆಲಿನಲ್ಲಿ ನಾಲ್ಕು ವರ್ಷ ದೋಸೆ ಹುಯ್ದವನು. ಪಂಪಿನ ವಿಷಯದಲ್ಲಿ ಅವರ ಮಾತಿಗೆ ತೂಕ ಬಂದದ್ದು ಹಾಗೆ.

ಪಂಪಿನಿಂದ ಟೈಮಿಂಗ್‌ಗೆ, ಟೈಮಿಂಗ್‌ನಿಂದ ಟ್ಯಾಪೆಟ್‌ಗೆ, ಅಲ್ಲಿಂದ ಹೆಡ್ ಗ್ಯಾಸ್ಕೆಟ್‌ಗೆ ಹೋದರು. ಪ್ರತಿ ನಿಲ್ದಾಣದಲ್ಲೂ ಖರ್ಚು ಏರುತ್ತಿತ್ತು. ಯಜಮಾನರು ಮೋರಿ ಕಟ್ಟೆಯ ಮೇಲೆ ಕೂತು, ಕೊಬ್ಬರಿಯ ರೇಟಿನಲ್ಲಿ ಹೆಡ್ ಗ್ಯಾಸ್ಕೆಟ್ಟನ್ನು ಕಳೆಯುತ್ತಿದ್ದರು. ಕೊನೆಗೆ ಬಾನೆಟ್ಟಣ್ಣನವರು ಅವರ ಪಕ್ಕ ಬಂದು, ದನಿ ತಗ್ಗಿಸಿ, “ಬೋರ್ ಕೆಲ್ಸ ಬಂದಂಗೆ ಕಾಣ್ತದೆ ಯಜಮಾನ್ರೇ. ಅಷ್ಟು ದುಡ್ಡು ಸುರಿಯೋ ಬದ್ಲು ಮಾರಿಬಿಡಿ. ಗಿರಾಕಿ ಬೇಕಾದ್ರೆ ನಾ ನೋಡ್ತೀನಿ” ಎಂದರು. ಯಜಮಾನರು ಟೀ ಲೋಟ ಕೆಳಗಿಟ್ಟರು.

ಅಷ್ಟರಲ್ಲಿ ಟಿವಿಎಸ್ ಮೊಪೆಡ್ ಮೇಲೆ ಮೇಸ್ತ್ರಿ ಬಂದ. ಹಿಂದೆ ಒಬ್ಬ ಹುಡುಗ, ಹುಡುಗನ ತೊಡೆಯ ಮೇಲೆ ಟೂಲ್ಸಿನ ಚೀಲ. ಮೇಸ್ತ್ರಿ ಡ್ರೈವರನ್ನು ಎರಡೇ ಮಾತು ಕೇಳಿದ. “ತಣ್ಣಗಿದ್ದಾಗ ಜಾಸ್ತಿನೋ, ಬಿಸಿಯಾದ್ಮೇಲೂ ಹಿಂಗೇನೋ? ಈಚೆಗೆ ಯಾರಾದ್ರೂ ಏನಾದ್ರೂ ಬಿಚ್ಚಿದ್ರಾ?” ಬಿಸಿಯಾದ ಮೇಲೂ ಹೀಗೇ, ಯಾರೂ ಏನೂ ಬಿಚ್ಚಿಲ್ಲ ಎಂದ ಡ್ರೈವರ್. ಅಲ್ಲಿಗೆ ಮೇಸ್ತ್ರಿಯ ಮಾತು ಮುಗಿಯಿತು.

ಮೊದಲು ಡೀಸೆಲ್ ಫಿಲ್ಟರಿನ ತಳದ ಸ್ಕ್ರೂ ಸಡಿಲಿಸಿ ಒಂದಿಷ್ಟು ಡೀಸೆಲ್ಲನ್ನು ಲೋಟಕ್ಕೆ ಬಿಟ್ಟುಕೊಂಡು ಬಿಸಿಲಿಗೆ ಹಿಡಿದು ನೋಡಿದ. ತಳದಲ್ಲಿ ನೀರಿಲ್ಲ. ಚೆಲ್ಲಿದ.

“ನೀರು ಕಾಣ್ತಿಲ್ಲ ಅಂದ್ರೆ ಬೆರ್ತು ಹೋಗೈತೆ” ಎಂದರು ಬಾನೆಟ್ಟಣ್ಣನವರು.

ಮೇಸ್ತ್ರಿ ಹ್ಯಾಂಡ್ ಪಂಪ್ ಒತ್ತಿ ಏರ್ ತೆಗೆಯುವ ಸ್ಕ್ರೂ ಬಿಟ್ಟ. ಡೀಸೆಲ್ ಗುಳ್ಳೆಯಿಲ್ಲದೆ ಸರಾಗವಾಗಿ ಬಂತು. ಏರ್ ಹಿಡಿದಿಲ್ಲ. ಇಂಜಿನ್ ಸ್ಟಾರ್ಟ್ ಮಾಡಿಸಿ ಆಯಿಲ್ ಹಾಕುವ ಮುಚ್ಚಳ ತೆಗೆದು ಅಂಗೈ ಅಡ್ಡ ಹಿಡಿದ. ಹೊಗೆ ನುಗ್ಗಿ ಬರಲಿಲ್ಲ, ಬ್ಯಾಕ್ ಕಂಪ್ರೆಷನ್ ಇಲ್ಲ. ಬೋರ್ ಇನ್ನೂ ಗಟ್ಟಿಯಿದೆ ಎಂದಾಯಿತು. ಮೋರಿ ಕಟ್ಟೆಯ ಮೇಲಿದ್ದ ಯಜಮಾನರು ಟೀ ಲೋಟ ಮತ್ತೆ ಕೈಗೆತ್ತಿಕೊಂಡರು.

ಆಮೇಲೆ ಅವನು ಮಾಡಿದ್ದು ನೋಡುವಂಥದು. ಇಂಜಿನ್ ಓಡುತ್ತಿರುವಾಗಲೇ ಮೊದಲನೇ ನಾಝಲ್ಲಿಗೆ ಬರುವ ಪೈಪಿನ ನಟ್ಟಿಗೆ ಬನಿಯನ್ ವೇಸ್ಟ್ ಸುತ್ತಿ, ಸ್ಪ್ಯಾನರ್ ಹಾಕಿ, ಕಾಲು ಸುತ್ತು ಸಡಿಲಿಸಿದ. ಡೀಸೆಲ್ ಬಟ್ಟೆಯೊಳಗೆ ಚಿಮ್ಮಿತು. ಆ ಸಿಲಿಂಡರಿಗೆ ಊಟ ನಿಂತಿತು. ಇಂಜಿನ್ ಇನ್ನಷ್ಟು ಕುಸಿದು ಏದುಸಿರು ಬಿಟ್ಟಿತು. ಅಂದರೆ ಅಷ್ಟು ಹೊತ್ತೂ ಅದು ಕೆಲಸ ಮಾಡುತ್ತಿತ್ತು. ಬಿಗಿ ಮಾಡಿದ. ಎರಡನೆಯದು ಸಡಿಲಿಸಿದ, ಇಂಜಿನ್ ಕುಸಿಯಿತು, ಬಿಗಿ ಮಾಡಿದ. ಮೂರನೆಯದು ಸಡಿಲಿಸಿದ. ಸದ್ದು ಒಂದಿಷ್ಟೂ ಬದಲಾಗಲಿಲ್ಲ. ಊಟ ನಿಂತರೂ ಕೆಲಸಕ್ಕೆ ವ್ಯತ್ಯಾಸವಿಲ್ಲ ಅಂದರೆ ಮೊದಲೂ ಕೆಲಸ ಮಾಡುತ್ತಿರಲಿಲ್ಲ. ಈ ಪರೀಕ್ಷೆಯನ್ನು ಕೆಲವು ಕಚೇರಿಗಳಲ್ಲೂ ನಡೆಸಬಹುದು ಎಂದು ರಿಟೈರಾದ ಮೇಷ್ಟ್ರು ಹೇಳಿದರು.

ಹುಡುಗರು ಇದನ್ನು ಹೊಸ ಗಾಡಿಯ ಮೇಲೆ ಪ್ರಯೋಗ ಮಾಡಬಾರದು. ಈಗಿನ ಕಾಮನ್ ರೈಲ್ ಇಂಜಿನ್ನುಗಳಲ್ಲಿ ಪೈಪಿನ ಒತ್ತಡ ಸಾವಿರ ಬಾರ್ ದಾಟುತ್ತದೆ. ಓಡುವಾಗ ನಟ್ ಬಿಟ್ಟರೆ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಅಲ್ಲಿ ಅದರ ಅಗತ್ಯವೂ ಇಲ್ಲ. ಸ್ಕ್ಯಾನರಿನ ವೈರು ಚುಚ್ಚಿದರೆ ಗಾಡಿಯೇ ತಪ್ಪೊಪ್ಪಿಕೊಳ್ಳುತ್ತದೆ: ಪಿ 0300 ಎಂದು ಬಂದರೆ ಎಲ್ಲೋ ಗೊತ್ತುಗುರಿಯಿಲ್ಲದ ಮಿಸ್ಸಿಂಗ್, ಪಿ 0303 ಎಂದರೆ ಮೂರನೇ ಸಿಲಿಂಡರ್. ವಾದವಿಲ್ಲ, ವಿವಾದವಿಲ್ಲ, ಟೀ ಇಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಬಂದ ಮೇಲೆ ರಸ್ತೆಗಿಳಿಯುವ ಹೊಸ ಡೀಸೆಲ್ ಗಾಡಿಗಳು ಬಹುತೇಕ ಇಂಥವೇ. ಬಾನೆಟ್ಟಣ್ಣನವರು ಆ ಸ್ಕ್ಯಾನರನ್ನು ಮನುಷ್ಯ ಸಂಬಂಧಗಳ ಶತ್ರು ಎಂದೇ ಬಗೆದಿದ್ದಾರೆ. “ಆ ಡಬ್ಬಕ್ಕೆ ಕಿವಿ ಐತೇನ್ರಿ?” ಎಂದು ಕೇಳುತ್ತಾರೆ.

ಮೇಸ್ತ್ರಿ ಇನ್ನೂ ತೀರ್ಪು ಕೊಟ್ಟಿರಲಿಲ್ಲ. ಮೂರನೆಯದು ಸತ್ತಿದೆ ಎಂದು ಗೊತ್ತಾಯಿತೇ ಹೊರತು ಏಕೆ ಸತ್ತಿತು ಎಂದು ಗೊತ್ತಾಗಿರಲಿಲ್ಲ. ಇಂಜಿನ್ ಆಫ್ ಮಾಡಿಸಿ, ಒಂದು ಮತ್ತು ಮೂರನೇ ನಾಝಲ್‌ಗಳನ್ನು ಬಿಚ್ಚಿ, ಅದರದ್ದು ಇದಕ್ಕೆ ಇದರದ್ದು ಅದಕ್ಕೆ ಹಾಕಿದ. ತಳದಲ್ಲಿ ಕಚ್ಚಿಕೊಂಡಿದ್ದ ತಾಮ್ರದ ವಾಷರನ್ನು ಸ್ಕ್ರೂಡ್ರೈವರಿನಿಂದ ಮೀಟಿ ತೆಗೆದು ಹೊಸದು ಕೂರಿಸಿದ. ರೋಗ ಮೂರರಲ್ಲೇ ಉಳಿದರೆ ವಾಲ್ವ್ ಇಲ್ಲವೇ ಕಂಪ್ರೆಷನ್, ಹೆಡ್ ಇಳಿಸಲೇಬೇಕು. ರೋಗ ನಾಝಲ್ ಜೊತೆಗೇ ಒಂದಕ್ಕೆ ಎದ್ದು ಹೋದರೆ ತಪ್ಪು ನಾಝಲ್ಲಿನದು. ಯಜಮಾನರು ಎದ್ದು ಬಂದು ಬಾನೆಟ್ಟಿಗೆ ಕೈಯಾನಿಸಿ ನಿಂತರು. ಸ್ಟಾರ್ಟ್ ಮಾಡಿಸಿ ಮೂರನೇ ನಟ್ ಸಡಿಲಿಸಿದ. ಇಂಜಿನ್ ಕುಸಿಯಿತು, ಮೂರಕ್ಕೆ ಜೀವ ಬಂದಿದೆ. ಒಂದನೆಯದು ಸಡಿಲಿಸಿದ, ಸದ್ದು ಇದ್ದಂತೆಯೇ ಇತ್ತು. ಮೇಸ್ತ್ರಿ ಒಂದನೇ ನಾಝಲ್ ಬಿಚ್ಚಿ ಹುಡುಗನ ಕೈಗೆ ಕೊಟ್ಟು ಮೊಪೆಡ್ಡಿನ ಕೀ ಎಸೆದ. ಹುಡುಗ ತಿಪಟೂರಿನ ಪಂಪ್ ಅಂಗಡಿಗೆ ಹೋದ.

ಇಷ್ಟೇ ನೋಡಿ ಇಬ್ಬರಿಗೂ ಇರುವ ಅಂತರ. ಮೇಸ್ತ್ರಿಯದು ಕಳೆಯುವ ಲೆಕ್ಕ. ನೀರು ಕಳೆದ, ಏರ್ ಕಳೆದ, ಬೋರ್ ಕಳೆದ, ಮೂರು ಸಿಲಿಂಡರ್ ಕಳೆದ. ಉಳಿದದ್ದನ್ನು ಬೆರಳಿನಿಂದ ತೋರಿಸಿದ. ಬಾನೆಟ್ಟಣ್ಣನವರದು ಕೂಡುವ ಲೆಕ್ಕ. ಅವರ ಪಟ್ಟಿಯಿಂದ ಯಾವುದೂ ಹೊರಗೆ ಹೋಗುವುದಿಲ್ಲ, ಹೊಸಬರು ಬರುತ್ತಲೇ ಇರುತ್ತಾರೆ. ಕೂಡುತ್ತ ಹೋದವರು ಸೋಲುವುದೂ ಇಲ್ಲ. ಟಿವಿಯ ಚರ್ಚೆಗಳಲ್ಲಿ, ಮದುವೆ ಮಾತುಕತೆಯಲ್ಲಿ, ಆಸ್ಪತ್ರೆಯ ವರಾಂಡದಲ್ಲಿ, ಕ್ರಿಕೆಟ್ ಸೋತ ಮಾರನೇ ದಿನ ಸಲೂನಿನಲ್ಲಿ ನೀವು ಅವರನ್ನು ನೋಡಿಯೇ ಇರುತ್ತೀರಿ; ಬಾನೆಟ್ ಮಾತ್ರ ಬೇರೆಬೇರೆ.

ಹಾಗೆಂದು ಅವರನ್ನು ಬರೀ ಹರಟೆಮಲ್ಲರೆಂದು ಬಿಡುವಂತಿಲ್ಲ. ಮೇಸ್ತ್ರಿಯ ನಂಬರ್ ಇದ್ದದ್ದು ಅವರ ಬಳಿ, ಬಂದ ಹೊಸದರಲ್ಲೇ ಫೋನ್ ಮಾಡಿದ್ದೂ ಅವರೇ. ಅಷ್ಟು ಹೇಳಿ ಸುಮ್ಮನಿದ್ದಿದ್ದರೆ ಸಾಕಾಗಿತ್ತು. ಆದರೆ ಮೇಸ್ತ್ರಿ ಬರುವವರೆಗೆ ಆ ಬಿಸಿಲಿನಲ್ಲಿ ಯಜಮಾನರು ಒಬ್ಬರೇ ಕೂತು ಇಂಜಿನ್ ಸದ್ದು ಕೇಳಬೇಕಾಗುತ್ತಿತ್ತು. ಕೆಟ್ಟು ನಿಂತ ಗಾಡಿಯ ಮುಂದೆ ಸುಮ್ಮನೆ ಕೂರುವುದಕ್ಕಿಂತ ತಪ್ಪು ಸಲಹೆ ಕೇಳುತ್ತ ಕೂರುವುದು ಎಷ್ಟೋ ಮೇಲು. ಯಜಮಾನರು ಹೆದರಿದ್ದರು, ರೇಗಿದ್ದರು, ಎರಡು ಸಲ ಗಾಡಿ ಮಾರಲು ಮನಸ್ಸು ಮಾಡಿದ್ದರು. ಹೊತ್ತು ಹೋದದ್ದು ಮಾತ್ರ ಅವರಿಗೆ ಗೊತ್ತಾಗಿರಲಿಲ್ಲ.

ಹುಡುಗ ವಾಪಸು ಬಂದ. “ಟೆಸ್ಟಿಂಗಿಗೆ ಹಾಕಿದ್ರೆ ಸ್ಪ್ರೇನೇ ಇಲ್ಲ ಅಣ್ಣ, ತೊಟ್ಟಿಕ್ತಾ ಇತ್ತು” ಎಂದ. ಮಂಜಿನ ಹಾಗೆ ಚೆದುರಬೇಕಾದ ಡೀಸೆಲ್ ಹನಿಹನಿಯಾಗಿ ಬಿದ್ದರೆ ಉರಿಯುವುದೆಲ್ಲಿ ಬಂತು? ಹೊಸ ನಾಝಲ್ ಕೂತಿತು. ಹ್ಯಾಂಡ್ ಪಂಪ್ ಒತ್ತಿ ಏರ್ ತೆಗೆದು ಸ್ಟಾರ್ಟ್ ಮಾಡಿದಾಗ ಇಂಜಿನ್ ಒಂದೇ ಸಮನೆ ಓಡಿತು. ಗೇರ್ ಲಿವರ್ ನಡುಗುವುದು ನಿಂತಿತು. ಗಣಪ ತಲೆಯಾಡಿಸುವುದು ಬಿಟ್ಟ.

“ನಾ ಅವಾಗ್ಲೇ ಹೇಳಿದ್ನಲ್ಲ” ಎಂದರು ಬಾನೆಟ್ಟಣ್ಣನವರು.

ಡ್ರೈವರ್ ಬೆರಳು ಮಡಿಸುತ್ತ ಲೆಕ್ಕ ಹಾಕಿದ. “ಡೀಸೆಲ್ ಅಂದ್ರಿ, ಪ್ಲಗ್ ಅಂದ್ರಿ, ಪಂಪ್, ಟೈಮಿಂಗ್, ಟ್ಯಾಪೆಟ್, ಗ್ಯಾಸ್ಕೆಟ್, ಬೋರ್ ಎಲ್ಲಾ ಅಂದ್ರಿ. ನಾಝಲ್ ಒಂದು ಬಿಟ್ಟು.”

“ಅದೊಂದನ್ನ ಮೇಸ್ತ್ರಿಗೆ ಅಂತ ಬಿಟ್ಟಿದ್ದೆ ಕಣಪ್ಪ” ಎಂದರು ಅವರು. “ಅವ್ನೂ ಬದುಕ್ಬೇಕಲ್ಲ.”

ಮೇಸ್ತ್ರಿ ದುಡ್ಡು ಎಣಿಸಿಕೊಂಡು, ಮೊದಲ ಸಲ ನಕ್ಕ. ಬಾನೆಟ್ಟಣ್ಣನವರಿಗೆ ತಿಪಟೂರಿನಲ್ಲಿ ಏನೋ ಕೆಲಸವಿತ್ತಂತೆ; ಕೊಬ್ಬರಿ ಗಾಡಿಯಲ್ಲೇ ಡ್ರೈವರಿಗೂ ಯಜಮಾನರಿಗೂ ನಡುವೆ ಹತ್ತಿ ಕೂತರು. ನಾನೂ ಹಿಂದೆ ಕೊಬ್ಬರಿ ಚೀಲಗಳ ಮೇಲೆ ಜಾಗ ಮಾಡಿಕೊಂಡೆ. ಊರು ಹತ್ತಿರ ಬಂದಾಗ ರಸ್ತೆ ಬದಿಯಲ್ಲಿ ಒಂದು ಆಟೋ ನಿಂತಿತ್ತು. ಡ್ರೈವರ್ ಹಿಂದಿನ ಮುಚ್ಚಳ ಎತ್ತಿ ಒಳಗೆ ಬಗ್ಗಿದ್ದ. ನಮ್ಮ ಗಾಡಿ ಬ್ರೇಕ್ ಹಾಕಿತು. ಕಿಟಕಿಯಿಂದ ತಲೆ ಹೊರಗೆ ಬಂತು. ನೋಡಿದರೆ ಯಜಮಾನರದು.

“ಏನಪ್ಪಾ, ಮಿಸ್ಸಿಂಗಾ?”

“ಹೂಂ ಯಜಮಾನ್ರೇ, ಯಾಕೋ ಎಳೀತಾನೇ ಇಲ್ಲ.”

“ಮೂರನೇ ನಂಬರ್ ನಾಝಲ್ ನೋಡು.”

ಆಟೋದವನು ಕಕ್ಕಾಬಿಕ್ಕಿಯಾದ. “ಸಾರ್, ಆಟೋಗೆ ಇರೋದೇ ಒಂದು ಸಿಲಿಂಡರ್.”

ಯಜಮಾನರು ಒಂದು ಕ್ಷಣ ಸುಮ್ಮನಾದರು. ನಡುವಿನ ಸೀಟಿನಿಂದ ಮೆಲ್ಲಗೆ ಒಂದು ಕೆಮ್ಮು ಕೇಳಿಸಿತು.

“ಅದನ್ನೇ ನಾ ಕೇಳಿದ್ದು” ಎಂದರು ಯಜಮಾನರು. “ಮೂರನೇದಲ್ಲ ಅಂತಾಯ್ತಲ್ಲ? ಒಂದು ಕಳೀತು.”